ಇಂದಿನ ಧಮ್ಮ ಚಿಂತನೆ: ಕಾಮಾಟಿ ಬಾಗ್‌ನ ಒಂದು ಸಂಜೆ



ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ತಡವಾದರೆ ಸಾಕು, ಕೂತಲ್ಲೇ ತಲೆ ಓಡತೊಡಗುತ್ತದೆ: ಕೊಬ್ಬರಿ ರೇಟು, ಮಗಳ ಫೀಸು, ಸಂಘದ ಸಾಲದ ಕಂತು. ಬಾಬಾಸಾಹೇಬರೂ ಒಮ್ಮೆ ಹಾಗೆ ರೈಲಿಗೆ ಕಾದಿದ್ದರು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1916ರಲ್ಲಿ ಲಂಡನ್ನಿಗೆ. ವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೇ ನಿಂತಿತು. ಯುದ್ಧದ ಕಾಲ, ಅವರ ಪುಸ್ತಕಗಳಿದ್ದ ಹಡಗೂ ಮುಳುಗಿತು. ಒಪ್ಪಂದದಂತೆ ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಅಸ್ಪೃಶ್ಯನಿಗೆ ಮನೆ ಕೊಡುವವರಿರಲಿಲ್ಲ. ಹೆಸರು ಮರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಇಬ್ಬರು ಸ್ನೇಹಿತರೂ ನೆಪ ಹೇಳಿದರು. ಮುಂಬಯಿ ರೈಲಿಗೆ ಇನ್ನೂ ಐದು ಗಂಟೆ ಬಾಕಿ. ಆ ಹೊತ್ತನ್ನು 26 ವರ್ಷದ ಅವರು ಕಾಮಾಟಿ ಬಾಗ್ ಉದ್ಯಾನದಲ್ಲಿ ಅಪ್ಪ ಅಮ್ಮನನ್ನು ನೆನೆಯುತ್ತ ಕಳೆದರು.

ಆ ನೋವು ಅನಗತ್ಯ ಚಿಂತೆಯಲ್ಲ. ಅದರ ಕಾರಣ ಅವರ ಮನಸ್ಸಿನಲ್ಲಿರಲಿಲ್ಲ, ಸಮಾಜದಲ್ಲಿತ್ತು. 18 ವರ್ಷಗಳ ಬಳಿಕ ಬರೆಯುವಾಗಲೂ ಅದನ್ನು ನೆನೆದರೆ ಅವರ ಕಣ್ಣು ತುಂಬುತ್ತಿತ್ತು. ಹಾಗಾಗಿ ಕಣ್ಣೀರು ಬಂತೆಂದು ನಾವು ನಾಚಬೇಕಿಲ್ಲ.

ಮುಂದೆ ಅವರು ಮಾಡಿದ್ದನ್ನು ಗಮನಿಸಿ. ಲಂಡನ್ನಿನಲ್ಲಿ ಓದು ಮುಂದುವರಿಸುವ ಅನುಮತಿ ಕೈಯಲ್ಲಿತ್ತು, ಹಣ ಇರಲಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ರಮಾಬಾಯಿಯವರು ಬಿಗಿಯಾಗಿ ಸಂಸಾರ ತೂಗಿಸಿದರು; ಸಂಬಳದಲ್ಲಿ ಉಳಿಸಿದ್ದಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಸೇರಿತು. 1920ರಲ್ಲಿ ಮತ್ತೆ ಹಡಗು ಹತ್ತಿದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು. ಜಾತಿಯ ವಿರುದ್ಧದ ಹೋರಾಟ ಕೊನೆಯವರೆಗೂ ನಡೆಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ತೆರೆದ ದಾರಿಯಲ್ಲೇ ಇಂದು ನಾವಿದ್ದೇವೆ.

ಭಗವಾನ್ ಬುದ್ಧರು ಹೇಳಿದ ಐದು ನೀವರಣಗಳಲ್ಲಿ ಒಂದು ಉದ್ಧಚ್ಚ-ಕುಕ್ಕುಚ್ಚ: ಮನಸ್ಸಿನ ಚಡಪಡಿಕೆ ಮತ್ತು ಕೊರಗು. ಕಷ್ಟ ಒಂದು ಸಲ ಬಂದರೆ, ಕೊರಗು ಅದನ್ನೇ ರಾತ್ರಿಯಿಡೀ ನೂರು ಸಲ ತರುತ್ತದೆ. ಅದಕ್ಕೆ ಮದ್ದು ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ.

ಇಂದು ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಉಸಿರನ್ನು ಗಮನಿಸುತ್ತ ಕೂರೋಣ. ಆಮೇಲೆ ಒಂದು ಚೀಟಿಯಲ್ಲಿ ನಮ್ಮ ಚಿಂತೆಯನ್ನು ಬರೆದು, ಅದರ ಕೆಳಗೆ ನಾಳೆ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಬರೆಯೋಣ. ಬ್ಯಾಂಕಿಗೆ ಹೋಗಿ ಕೇಳುವುದಿರಬಹುದು, ಡಾಕ್ಟರಿಗೆ ತೋರಿಸುವುದಿರಬಹುದು. ಒಬ್ಬರಿಗೇ ಆಗದಿದ್ದರೆ ನೆರವು ಕೇಳೋಣ, ಬಾಬಾಸಾಹೇಬರೂ ಕೇಳಿದ್ದರು. ಮಾಡಲು ಏನೂ ಇಲ್ಲದಿದ್ದರೆ ಚೀಟಿ ಮಡಿಸಿಟ್ಟು ಮಲಗೋಣ.

ಬೇಲೂರು, ಹಳೇಬೀಡು, ಅರಸೀಕೆರೆಯ ಬಂಧುಗಳು ಮನೆಯಲ್ಲಿ ಓದಿ ಹೇಳಿ, ಇತರರಿಗೂ ಕಳುಹಿಸಿ.

ನಮೋ ಬುದ್ಧಾಯ, ಜೈ ಭೀಮ್ 🙏