ಸಾಮುವೆಲ್ ಅಜಾಯಿ ಕ್ರೌಥರ್

ಮಾತೃಭಾಷೆ ಮನುಷ್ಯನಿಗೆ ಹುಟ್ಟಿನೊಡನೆ ಬರುವ ಸಂಪತ್ತು. ಮನೆಮಠಗಳನ್ನು ಕಸಿದುಕೊಳ್ಳಬಹುದು, ಹೆಸರನ್ನೂ ಬದಲಿಸಬಹುದು, ತಾಯಿಯ ಮಡಿಲಲ್ಲಿ ಕಲಿತ ನುಡಿಯನ್ನು ಕಸಿಯುವುದು ಸುಲಭವಲ್ಲ. ಗುಲಾಮನಾಗಿ ಮಾರಾಟಗೊಂಡು, ಮುಂದೆ ತನ್ನ ಜನರ ನುಡಿಗೆ ಬರಹದ ಬಲವನ್ನು ತಂದುಕೊಟ್ಟ ಅಜಾಯಿ ಕ್ರೌಥರರ ಬಾಳು ಇದಕ್ಕೆ ನಿದರ್ಶನವಾಗಿದೆ.

ಇಂದಿನ ನೈಜೀರಿಯ ದೇಶದ ಪಶ್ಚಿಮ ಭಾಗದಲ್ಲಿ ಯೊರುಬಾ ಜನರ ನಾಡಿದೆ. ಅಲ್ಲಿನ ಒಸೊಗುನ್ ಎಂಬ ಊರಿನಲ್ಲಿ ಸುಮಾರು 1809ರಲ್ಲಿ ಅಜಾಯಿ ಜನಿಸಿದನು. 1821ರಲ್ಲಿ ಗುಲಾಮರ ಬೇಟೆಗಾರರು ಆ ಊರನ್ನು ಮುತ್ತಿ ಬೆಂಕಿ ಹಚ್ಚಿದರು. ತಾಯಿ ಹಾಗೂ ಸೋದರಿಯರೊಡನೆ ಬಾಲಕನೂ ಸೆರೆಸಿಕ್ಕಿದನು. ಬಲುಬೇಗ ಅವನನ್ನು ತಾಯಿಯಿಂದ ಅಗಲಿಸಿದರು. ಒಮ್ಮೆ ಕುದುರೆಗೆ, ಮತ್ತೊಮ್ಮೆ ಹೊಗೆಸೊಪ್ಪಿಗೆ ಬದಲಾಗಿ ಅವನು ಕೈಯಿಂದ ಕೈಗೆ ಮಾರಾಟಗೊಂಡನು. ಕಡೆಗೆ ಲಾಗೋಸಿನಲ್ಲಿ ಪೋರ್ಚುಗೀಸರ ಹಡಗೊಂದಕ್ಕೆ ಅವನನ್ನು ತುಂಬಲಾಯಿತು. ಆದರೆ 1822ರ ಏಪ್ರಿಲಿನಲ್ಲಿ, ಗುಲಾಮರ ವ್ಯಾಪಾರವನ್ನು ತಡೆಯಲು ಕಾವಲಿದ್ದ ಬ್ರಿಟಿಷ್ ನೌಕೆಗಳು ಆ ಹಡಗನ್ನು ಹಿಡಿದವು. ಬಿಡುಗಡೆ ಹೊಂದಿದ ಅಜಾಯಿ ಸಿಯೆರಾ ಲಿಯೋನಿನ ಫ್ರೀಟೌನ್ ನಗರವನ್ನು ಸೇರಿದನು.

ಅಲ್ಲಿ ಕ್ರೈಸ್ತ ಮಿಷನರಿಗಳ ಶಾಲೆಯಲ್ಲಿ ಬಾಲಕನು ಅತಿ ಶೀಘ್ರವಾಗಿ ಓದುಬರಹ ಕಲಿತನು. 1825ರಲ್ಲಿ ದೀಕ್ಷಾಸ್ನಾನ ಪಡೆದಾಗ ಸಾಮುವೆಲ್ ಕ್ರೌಥರ್ ಎಂಬ ಹೆಸರಾಯಿತು. 1827ರಲ್ಲಿ ಸ್ಥಾಪಿತವಾದ ಫೌರಾ ಬೇ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಮುಂದೆ ಅವರು ಅಧ್ಯಾಪಕರಾದರು.

1841ರಲ್ಲಿ ನೈಜರ್ ನದಿಯ ಮೇಲೆ ಹೊರಟ ಬ್ರಿಟಿಷರ ಪ್ರಯಾಣದಲ್ಲಿ ಕ್ರೌಥರರು ಭಾಗವಹಿಸಿದರು. ಹತ್ತಾರು ಐರೋಪ್ಯರು ಜ್ವರಕ್ಕೆ ಬಲಿಯಾದರು. ಆಫ್ರಿಕದ ಜನರಿಗೆ ಆಫ್ರಿಕದವರೇ ಅವರವರ ಭಾಷೆಯಲ್ಲಿ ವಿದ್ಯೆ ನೀಡಬೇಕೆಂಬ ಅಭಿಪ್ರಾಯಕ್ಕೆ ಈ ಅನುಭವ ಬಲ ಕೊಟ್ಟಿತು. 1843ರಲ್ಲಿ ಲಂಡನ್ನಿನಲ್ಲಿ ಅವರು ಪಾದ್ರಿಯ ದೀಕ್ಷೆ ಪಡೆದರು. ಅದೇ ವರ್ಷ ಅವರ ಯೊರುಬಾ ಶಬ್ದಸಂಗ್ರಹ ಅಚ್ಚಾಯಿತು.

1846ರಲ್ಲಿ ಕ್ರೌಥರರು ಅಬೆಯೊಕುಟಾ ನಗರಕ್ಕೆ ಬಂದು ನೆಲೆಸಿದರು. ಆ ಹೆಸರಿಗೆ ಬಂಡೆಯ ಕೆಳಗಿನ ಊರೆಂದು ಅರ್ಥ. ಕೆಲವೇ ದಿನಗಳಲ್ಲಿ, ಇಪ್ಪತ್ತೈದು ವರ್ಷಗಳ ಹಿಂದೆ ಅಗಲಿದ್ದ ತಾಯಿ ಅಲ್ಲಿಗೆ ಮಗನನ್ನು ಅರಸಿ ಬಂದಳು. ತಾಯಿ ಮಕ್ಕಳಿಬ್ಬರೂ ಬಹಳ ಹೊತ್ತು ಮಾತೇ ಹೊರಡದೆ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ದೂರದ ದೇಶಗಳನ್ನು ಸುತ್ತಿಬಂದಿದ್ದರೂ ತಾಯಿಯೊಡನೆ ಅವಳ ನುಡಿಯಲ್ಲೇ ಮಾತನಾಡುವ ಭಾಗ್ಯ ಮಗನಿಗೆ ಉಳಿದಿತ್ತು.

ಬೈಬಲ್ಲನ್ನು ಯೊರುಬಾ ಭಾಷೆಗೆ ತರುವುದು ಕ್ರೌಥರರ ಜೀವನದ ಮಹಾಕಾರ್ಯವಾಯಿತು. ಆದರೆ ಆ ಭಾಷೆಗೆ ನೆಲೆಗೊಂಡ ಬರವಣಿಗೆಯ ಕ್ರಮವೇ ಇರಲಿಲ್ಲ. ಮೇಲಾಗಿ ಯೊರುಬಾ ಧ್ವನಿಯ ಏರಿಳಿತದಿಂದ ಅರ್ಥ ಬದಲಾಗುವ ಭಾಷೆ. ಒಕೊ ಎಂಬ ಒಂದೇ ಪದವು ಉಚ್ಚಾರಣೆಯ ಏರಿಳಿತಕ್ಕೆ ತಕ್ಕಂತೆ ಗಂಡ, ಗುದ್ದಲಿ, ದೋಣಿ ಎಂಬ ಬೇರೆ ಬೇರೆ ಅರ್ಥಗಳನ್ನು ಕೊಡುತ್ತದೆ. ಹೀಗಿರಲು, ಕೇವಲ ಅಕ್ಷರ ಜೋಡಿಸಿದರೆ ಸಾಲದು, ಕಿವಿಯೂ ಸೂಕ್ಷ್ಮವಾಗಿರಬೇಕು. ಹಿರಿಯರ ಮಾತುಕತೆಗಳನ್ನು ಆಲಿಸಿ, ಗಾದೆಗಳನ್ನೂ ಮರೆಯಾಗುತ್ತಿದ್ದ ಪದಗಳನ್ನೂ ಅವರು ಬರೆದಿಟ್ಟುಕೊಂಡರು. 1852ರಲ್ಲಿ ಅವರ ವ್ಯಾಕರಣವೂ ಹಿಗ್ಗಿಸಿದ ಶಬ್ದಕೋಶವೂ ಪ್ರಕಟವಾದವು. 1862ರಲ್ಲಿ ಲಾಗೋಸಿನಲ್ಲಿ ಮನೆಗೆ ಬೆಂಕಿ ಬಿದ್ದು ಅನೇಕ ವರ್ಷಗಳ ಹಸ್ತಪ್ರತಿಗಳು ಬೂದಿಯಾದವು. ಕ್ರೌಥರರು ಎದೆಗುಂದದೆ ಮತ್ತೆ ಲೇಖನಿ ಹಿಡಿದರು. ಥಾಮಸ್ ಕಿಂಗ್ ಮೊದಲಾದ ಸಹೋದ್ಯೋಗಿಗಳ ನೆರವಿನಿಂದ ಭಾಗಭಾಗವಾಗಿ ಸಾಗಿದ ಅನುವಾದ 1880ರ ದಶಕದಲ್ಲಿ ಪೂರ್ಣಗೊಂಡಿತು. ಇಗ್ಬೊ ಮತ್ತು ನೂಪೆ ಭಾಷೆಗಳಿಗೂ ಅವರು ಪ್ರಥಮ ಪಾಠದ ಪುಸ್ತಕಗಳನ್ನು ರಚಿಸಿದರು.

1864ರಲ್ಲಿ ಕ್ಯಾಂಟರ್‌ಬರಿಯ ಮಹಾದೇವಾಲಯದಲ್ಲಿ ಕ್ರೌಥರರಿಗೆ ಬಿಷಪ್ ಪದವಿ ದೊರೆಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಆಫ್ರಿಕನರು ಅವರೇ. ಆದರೆ ಮುಪ್ಪಿನಲ್ಲಿ ಅವರಿಗೆ ನೋವು ಕಾದಿತ್ತು. ಹೊಸದಾಗಿ ಬಂದ ತರುಣ ಐರೋಪ್ಯ ಮಿಷನರಿಗಳು ಅವರ ಆಫ್ರಿಕನ್ ಸಹೋದ್ಯೋಗಿಗಳ ಮೇಲೆ ಆಪಾದನೆ ಹೊರಿಸಿ, ಹಲವರನ್ನು ಕೆಲಸದಿಂದ ತೆಗೆದರು. ಬಿಷಪರ ಮಾತಿಗೆ ಬೆಲೆಯಿಲ್ಲದಾಯಿತು. 1890ರಲ್ಲಿ ಆ ವೃದ್ಧರು ಆಡಳಿತ ಸಮಿತಿಗೆ ರಾಜೀನಾಮೆಯಿತ್ತು ಹೊರನಡೆದರು. 1891ರ ಡಿಸೆಂಬರ್ 31ರಂದು ಲಾಗೋಸಿನಲ್ಲಿ ಕಾಲವಾದರು. ಅವರ ಸ್ಥಾನಕ್ಕೆ ಐರೋಪ್ಯರೊಬ್ಬರು ನೇಮಕಗೊಂಡರು.

ಪದವಿಯ ಗೌರವಕ್ಕೆ ಕುಂದುಂಟಾದರೂ ಕ್ರೌಥರರು ಮಾಡಿದ ಕೆಲಸಕ್ಕೆ ಕುಂದುಂಟಾಗಲಿಲ್ಲ. ಇಂದು ಕೋಟ್ಯಂತರ ಜನರು ಆಡುವ ಯೊರುಬಾ ಭಾಷೆಯಲ್ಲಿ ಪತ್ರಿಕೆಗಳೂ ಕಾದಂಬರಿಗಳೂ ನಾಟಕಗಳೂ ಬೆಳೆದಿವೆ. ಆ ಬರಹದ ತಳಹದಿಯಲ್ಲಿ, ಒಂದು ಕಾಲಕ್ಕೆ ಕುದುರೆಯ ಬೆಲೆಗೆ ಬಿಕರಿಯಾದ ಬಾಲಕನ ಶ್ರಮವಿದೆ.