ದೀಪವನ್ನು ಕಾಪಾಡಿದ ಕಡತಗಳು

ದಾದಿಯರ ವೃತ್ತಿಗೆ ಗೌರವವನ್ನು ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಲೋಕವು ದೀಪಧಾರಿಣಿಯೆಂದು ಸ್ಮರಿಸುತ್ತದೆ. ಅವರ ಕೈಯಲ್ಲಿ ದೀಪದಷ್ಟೇ ಲೇಖನಿಯೂ ಇದ್ದಿತೆಂಬುದನ್ನು ಬಲ್ಲವರು ವಿರಳ. ಲೆಕ್ಕದ ಪುಸ್ತಕದೊಡನೆ ದಿನಗಳೆಯುವ ನಮ್ಮ ವಾಚಕರಿಗೆ ಆ ಚರಿತ್ರೆಯನ್ನು ಇಂದು ಅರ್ಪಿಸುತ್ತಿದ್ದೇವೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಅವರು ಜನಿಸಿದರು. ಕುಲೀನ ಸ್ತ್ರೀಯರಿಗೆ ಆಸ್ಪತ್ರೆಯ ಚಾಕರಿ ಅಪಮಾನವೆಂದು ತಿಳಿದಿದ್ದ ಕಾಲವದು. ಮನೆಯವರ ವಿರೋಧವನ್ನು ಎದುರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಶುಶ್ರೂಷೆಯನ್ನು ಕಲಿತರು. ಕ್ರಿಮಿಯಾ ಯುದ್ಧದ ಸೈನಿಕರ ಸೇವೆಗಾಗಿ 1854ರಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ತೆರಳಿದರು. ಅಲ್ಲಿ ಗಾಯಕ್ಕಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. ಸತ್ತವರ ಲೆಕ್ಕವಾದರೂ ಒಂದು ದಫ್ತರದಲ್ಲಿದ್ದಂತೆ ಇನ್ನೊಂದರಲ್ಲಿರಲಿಲ್ಲ.

1856ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಆ ಅಂಕಿಗಳನ್ನು ಅಣಿಗೊಳಿಸಿ, ತಡೆಯಬಹುದಾಗಿದ್ದ ರೋಗಗಳೇ ಸೈನ್ಯವನ್ನು ನುಂಗಿದುವೆಂದು ನಕ್ಷೆಗಳ ಮೂಲಕ ಸರಕಾರಕ್ಕೆ ಕಾಣಿಸಿದರು. 1859ರಲ್ಲಿ ಶುಶ್ರೂಷೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಭಾರತಕ್ಕೆ ಕಾಲಿಡದಿದ್ದರೂ ಇಲ್ಲಿನ ದಂಡಿನ ಠಾಣೆಗಳಿಂದ ಬಂದ ವರದಿಗಳನ್ನು ಪರಿಶೀಲಿಸಿದರು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದ ಸಂಗತಿ 1863ರ ವರದಿಯಿಂದ ಬಯಲಿಗೆ ಬಂದಿತು.

ಇಂತಹವರೇ 1896ರ ಮರಣಶಾಸನದಲ್ಲಿ, ಭಾರತಕ್ಕೆ ಸಂಬಂಧಿಸಿದವು ಮೊದಲಾದ ಕೆಲವನ್ನುಳಿದು ತಮ್ಮ ಕಾಗದಪತ್ರಗಳನ್ನೆಲ್ಲ ನಾಶಮಾಡಬೇಕೆಂದು ವಿಧಿಸಿದರು! ಬಳಿಕ ಆ ವಿಧಿಯನ್ನು ರದ್ದುಗೊಳಿಸಿ ಅವುಗಳನ್ನು ಬಂಧುಗಳಿಗೆ ಬಿಟ್ಟುದು ಜಗತ್ತಿನ ಭಾಗ್ಯ. 1910ರ ಆಗಸ್ಟ್ 13ರಂದು ಅವರು ದೈವಾಧೀನರಾದರು. ಉಳಿದ ಕಾಗದಗಳ ಆಧಾರದಿಂದ ಎಡ್ವರ್ಡ್ ಕುಕ್ ಅವರು 1913ರಲ್ಲಿ ಎರಡು ಸಂಪುಟಗಳ ಜೀವನಚರಿತ್ರೆಯನ್ನು ರಚಿಸಿದರು. ಕೆನಡಾದ ವಿದುಷಿ ಲಿನ್ ಮ್ಯಾಕ್‌ಡೊನಾಲ್ಡ್ ಅವರ ಸಂಪಾದಕತ್ವದಲ್ಲಿ 2001ರಿಂದ 2012ರವರೆಗೆ 16 ಸಂಪುಟಗಳು ಹೊರಬಂದುವು. ಪತ್ರಗಳ ದೊಡ್ಡ ಸಂಗ್ರಹವೊಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಶಾಲೆಯ ದಾದಿಯರ ನಡತೆ, ಕೆಲಸಗಳನ್ನು ಗುರುತಿಸಿದ ರಿಜಿಸ್ಟರುಗಳೂ ಲಂಡನ್ನಿನಲ್ಲಿ ಸುರಕ್ಷಿತವಾಗಿವೆ. ಶುಶ್ರೂಷೆಯ ತತ್ತ್ವವು ಹೇಗೆ ರೂಪುಗೊಂಡಿತು, ಅದನ್ನು ಹೇಗೆ ಕಲಿಸಿದರು ಎಂಬುದನ್ನು ವಿದ್ಯಾರ್ಥಿನಿಯರು ಇವುಗಳಿಂದಲೇ ಅರಿಯಬಲ್ಲರು. ಕಾಗದಗಳು ಬೂದಿಯಾಗಿದ್ದರೆ ದೀಪದ ಕಥೆಯೊಂದೇ ಉಳಿಯುತ್ತಿತ್ತು, ಬೆಳಕು ಉಳಿಯುತ್ತಿರಲಿಲ್ಲ.

ನಮ್ಮ ವಾಚಕರ ಮನೆಗಳಲ್ಲಿಯೂ ದಾದಿಯರಾಗಿ ದುಡಿದ ತಾಯಂದಿರು, ಅಕ್ಕತಂಗಿಯರು ಇರಬಹುದು. ಅವರ ತರಬೇತಿಯ ಟಿಪ್ಪಣಿ, ಪ್ರಮಾಣಪತ್ರ, ಕಾಗದಗಳನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ನಮ್ಮ ವಿನಂತಿ. ರೋಗಿಯ ಬಳಿ ನಿದ್ದೆಗೆಟ್ಟ ಕೈಗಳ ಚರಿತ್ರೆ ತಕ್ಕಡಿಯ ತೂಕಕ್ಕೆ ಸಿಗತಕ್ಕುದಲ್ಲ.