ಎರಡು ಸಾವಿರ ಜನರನ್ನು ಕ್ಷಮಿಸಿದ ದೊಡ್ಡ ಸ್ವಾಮಿ

ಹೋದ ಸೆಮಿಸ್ಟರ್‌ನಾಗ ನಮ್ಮ ರೂಮಿನಲ್ಲಿ ಒಂದು ಜಗಳ ಆತು. ರೂಮು ದೇಶಪಾಂಡೆ ನಗರದಾಗ, ಸವಾಯಿ ಗಂಧರ್ವ ಹಾಲ್‌ನಿಂದ ನಡ್ಕೊಂಡು ಹೋಗೋ ದೂರ. ನಾವು ನಾಲ್ಕು ಮಂದಿ. ಅದರಲ್ಲಿ ಇಬ್ಬರು ಕ್ರೈಸ್ತರು. ಒಬ್ಬ ಮಂಗಳೂರು ಕಡೆಯ ಕ್ಯಾಥೊಲಿಕ್. ಇನ್ನೊಬ್ಬ ಹುಬ್ಬಳ್ಳಿಯವನೇ, ಬಾಸೆಲ್ ಮಿಶನ್ ಕಾಲದಿಂದ ಪ್ರೊಟೆಸ್ಟೆಂಟ್ ಆಗಿರೋ ಮನೆತನ. ಮಂಗಳೂರಿನವನು ಕಪಾಟಿನ ಮೇಲೆ ಮೇರಿ ಮಾತೆಯ ಸಣ್ಣ ಚಿತ್ರ ಇಟ್ಟು, ಇಂಟರ್ನಲ್ಸ್ ಹಿಂದಿನ ರಾತ್ರಿ ಮೇಣದಬತ್ತಿ ಹಚ್ಚುತ್ತಿದ್ದ. ಹುಬ್ಬಳ್ಳಿಯವನು ಅದನ್ನು ನೋಡಿ ನಗುತ್ತಿದ್ದ, ಅಷ್ಟೇ.

ಜಗಳ ಶುರುವಾದದ್ದು ಸೆಮಿನಾರ್ ರಿಪೋರ್ಟ್‌ನಿಂದ. ಮಂಗಳೂರಿನವನು ಹುಬ್ಬಳ್ಳಿಯವನ ರಿಪೋರ್ಟ್‌ನಿಂದ ಒಂದು ಇಡೀ ಅಧ್ಯಾಯ ಎತ್ತಿ ತನ್ನದರೊಳಗೆ ಹಾಕಿಕೊಂಡಿದ್ದ. ಹೆಸರು ಹೇಳಿರಲಿಲ್ಲ. ಸಿಕ್ಕಿಬಿದ್ದ. ಶನಿವಾರ ಸಂಜೆ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿ, ಹಗುರಾಗಿ ಸೀಟಿ ಹೊಡೀತಾ ವಾಪಸ್ ಬಂದ. ಹುಬ್ಬಳ್ಳಿಯವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕದ್ದದ್ದು ನನ್ನ ಕೆಲಸ, ಕ್ಷಮಿಸೋಕೆ ಆ ಫಾದರ್ ಯಾರು ಅನ್ನೋದು ಅವನ ಪ್ರಶ್ನೆ. ಅಲ್ಲಿಂದ ಮಾತು ಮೇರಿ ಮಾತೆ, ಸಂತರು, ಮೂರ್ತಿ, ಮೇಣದಬತ್ತಿ ಎಲ್ಲಕ್ಕೂ ಹಬ್ಬಿತು. ಒಂದು ವಾರ ಇಬ್ಬರೂ ಮಾತಾಡಲಿಲ್ಲ.

ಉಳಿದ ನಾವಿಬ್ಬರಿಗೆ ಈ ಜಗಳದ ತಲೆಬುಡ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕವರು ಅಬ್ಬೆ ದುಬಾಯ್. ಇನ್ನೂರು ವರ್ಷದ ಹಿಂದೆ ನಮ್ಮ ಕನ್ನಡ ನೆಲದಲ್ಲೇ ಈ ಎರಡೂ ಪ್ರಶ್ನೆಗಳ ನಡುವೆ ಬದುಕಿದ ಮನುಷ್ಯ.

ಮೊದಲು ಜಗಳ ಏನು ಅಂತ ನೋಡೋಣ. ಕ್ಯಾಥೊಲಿಕರ ಪ್ರಕಾರ ಆರಾಧನೆ ದೇವರಿಗೆ ಮಾತ್ರ. ಮೇರಿ ಮಾತೆಗೆ, ಸಂತರಿಗೆ ಸಲ್ಲೋದು ಗೌರವ. ನಮ್ಮ ಪರವಾಗಿ ದೇವರ ಹತ್ತಿರ ಬೇಡಿಕೊಳ್ಳಿ ಅಂತ ಅವರನ್ನು ಕೇಳಿಕೊಳ್ಳೋದು. ಮೂರ್ತಿಗೆ ತೋರಿಸಿದ ಗೌರವ ಮೂರ್ತಿಯಲ್ಲಿ ನಿಲ್ಲೋದಿಲ್ಲ, ಅದು ಯಾರದೋ ಅವರಿಗೆ ಮುಟ್ಟುತ್ತೆ ಅಂತ 787ರ ನೈಸಿಯಾ ಮಹಾಸಭೆಯಲ್ಲೇ ತೀರ್ಮಾನ ಆಗಿತ್ತು. ಪ್ರೊಟೆಸ್ಟೆಂಟರಿಗೆ ಇದು ಒಪ್ಪಿಗೆ ಇಲ್ಲ. ದೇವರಿಗೂ ಮನುಷ್ಯನಿಗೂ ನಡುವೆ ಯೇಸು ಒಬ್ಬನೇ ಸಾಕು, ಗೌರವ ಅಂತ ಶುರುವಾದದ್ದು ಪೂಜೆ ಆಗೋಕೆ ಹೊತ್ತು ಬೇಕಿಲ್ಲ ಅನ್ನೋದು ಅವರ ವಾದ. ಬಾಸೆಲ್ ಊರಿನಲ್ಲೇ 1529ರಲ್ಲಿ ಜನ ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದು ಹಾಕಿದ್ದರು. ಅದೇ ಊರಿನ ಮಿಶನ್ 1839ರಲ್ಲಿ ನಮ್ಮ ಹುಬ್ಬಳ್ಳಿಗೆ ಬಂತು.

ಕ್ಷಮೆಯದೂ ಹಂಗೇ. ಕ್ಯಾಥೊಲಿಕನು ಗುರುವಿನ ಮುಂದೆ ಪಾಪ ಹೇಳಿಕೊಳ್ಳಬೇಕು. ಪಶ್ಚಾತ್ತಾಪ ನಿಜವಾಗಿದ್ದರೆ ಗುರು ದೇವರ ಹೆಸರಿನಲ್ಲಿ ಬಿಡುಗಡೆ ಕೊಟ್ಟು, ಪ್ರಾಯಶ್ಚಿತ್ತ ವಿಧಿಸುತ್ತಾರೆ. ಪ್ರೊಟೆಸ್ಟೆಂಟನಿಗೆ ಈ ಬಾಗಿಲು ಬೇಕಾಗಿಲ್ಲ. ನೇರ ದೇವರನ್ನೇ ಕೇಳಿದರಾಯ್ತು.

ಈಗ ದುಬಾಯ್ ಕಥೆ. ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸ್‌ನ ಆರ್ದೆಶ್ ಸೀಮೆಯ ಸೇಂಟ್ ರೆಮೇಜ್ ಅನ್ನೋ ಹಳ್ಳಿಯಲ್ಲಿ. 1792ರಲ್ಲಿ ಪಾದ್ರಿಯಾದರು, ಪ್ಯಾರಿಸ್‌ನ ವಿದೇಶಿ ಮಿಶನ್ ಸಂಸ್ಥೆಯಿಂದ ಅದೇ ವರ್ಷ ಭಾರತಕ್ಕೆ ಹೊರಟರು. ಅವರು ಹಡಗು ಹತ್ತಿದ ಆ ವರ್ಷವೇ ಫ್ರಾನ್ಸ್‌ನಲ್ಲಿ ಕ್ರಾಂತಿ ಸರ್ಕಾರಕ್ಕೆ ಪ್ರಮಾಣ ಮಾಡದ ಪಾದ್ರಿಗಳ ತಲೆ ಉರುಳುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಮೊದಲ ಕೆಲವು ವರ್ಷ ತಮಿಳು ನಾಡಿನಲ್ಲಿ ಕೆಲಸ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ತೀರಿಕೊಂಡ. ಆಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸೋ ಕೆಲಸ ದುಬಾಯ್ ಪಾಲಿಗೆ ಬಂತು. ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದಕ್ಕೆ ಬೆಂಬಲ ಕೊಟ್ಟ.

ಆ ಕ್ರೈಸ್ತರ ಕಥೆ ದೊಡ್ಡದು. ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನೋ ಆರೋಪದ ಮೇಲೆ 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದ. ಎಷ್ಟು ಜನ ಅನ್ನೋದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. ದುಬಾಯ್ ಬರೆದದ್ದು 60,000ಕ್ಕೂ ಹೆಚ್ಚು ಅಂತ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಎಷ್ಟೋ ಜನರಿಗೆ ಬಲವಂತವಾಗಿ ಸುನ್ನತಿ ಮಾಡಿಸಿ ಇಸ್ಲಾಮಿಗೆ ಸೇರಿಸಿದರು. ಹದಿನೈದು ವರ್ಷ ಕಳೆದು ಸೆರೆ ಬಿಚ್ಚಿದಾಗ ಅವರು ತಮ್ಮ ಧರ್ಮಸಭೆಯ ಬಾಗಿಲಿಗೆ ವಾಪಸ್ ಬಂದರು. ಹೊರಗೆ ಬಿಟ್ಟಿದ್ದೆವು, ಒಳಗೆ ಬಿಟ್ಟಿರಲಿಲ್ಲ ಅನ್ನೋದು ಅವರ ಮಾತು. ಸುಮಾರು ಎರಡು ಸಾವಿರ ಜನ ದುಬಾಯ್ ಹತ್ತಿರ ಬಂದರು. ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಕಡೆಗೆ ಮರಳಿದರು ಅಂತ ಅವರದೇ ಲೆಕ್ಕ.

ಧರ್ಮ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಬಹುದಾ ಅನ್ನೋದು ಕ್ರೈಸ್ತರಲ್ಲಿ ಹೊಸ ಪ್ರಶ್ನೆ ಅಲ್ಲ. ರೋಮ್ ಚಕ್ರವರ್ತಿ ಡೇಸಿಯಸ್ 250ರ ಹೊತ್ತಿಗೆ ಕಿರುಕುಳ ಕೊಟ್ಟಾಗ ಹೆದರಿ ಬಲಿ ಅರ್ಪಿಸಿದವರು ಸಾವಿರಾರು ಜನ. ಅವರನ್ನು ಕ್ಷಮಿಸೋ ಅಧಿಕಾರ ಸಭೆಗೆ ಇಲ್ಲ ಅಂತ ನೊವೇಷಿಯನ್ ಅನ್ನೋ ಪಾದ್ರಿ ಬೇರೆಯಾಗಿ ಹೋದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳೋಣ ಅಂದ. ದುಬಾಯ್ ಹಿಡಿದದ್ದು ಸಿಪ್ರಿಯನ್ ದಾರಿ. ಬಂದವರನ್ನು ಒಳಗೆ ಕರೆದುಕೊಂಡರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಚರ್ಚ್ ಎದ್ದಿತು. ಈಗಲೂ ಅದನ್ನು ಅಬ್ಬೆ ದುಬಾಯ್ ಚರ್ಚ್ ಅಂತಲೇ ಕರೀತಾರೆ.

ಬರೀ ಪೂಜೆ ಮಾಡಿಸಿ ಕೂತವರಲ್ಲ. ನಿರ್ಗತಿಕರಾಗಿ ಬಂದವರಿಗೆ ಹೊಟ್ಟೆಪಾಡು ಬೇಕಲ್ಲ, ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದರು. ಸಿಡುಬಿನ ಲಸಿಕೆ ಭಾರತಕ್ಕೆ ಕಾಲಿಟ್ಟದ್ದು 1802ರಲ್ಲಿ. 1803–04ರಲ್ಲೇ ದುಬಾಯ್ ಮೈಸೂರು ಸೀಮೆಯಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ್ದರು. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಮಾಂಸ ಬಿಟ್ಟು, ಯುರೋಪಿನವರ ಸಹವಾಸ ಕಡಿಮೆ ಮಾಡಿ ಜನರ ನಡುವೆ ಓಡಾಡಿದರು. ಜನ ಅವರನ್ನು ಕರೆದದ್ದು ದೊಡ್ಡ ಸ್ವಾಮಿ ಅಂತ.

ಮೂವತ್ತು ವರ್ಷ ದುಡಿದು 1823ರಲ್ಲಿ ಭಾರತ ಬಿಟ್ಟರು. ಅದೇ ವರ್ಷ ಲಂಡನ್‌ನಲ್ಲಿ, ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳ ಪುಸ್ತಕ ಬಂತು. ಬಾಂಬ್ ಬಿದ್ದಂಗಾತು. ಹಿಂದೂಗಳನ್ನು ಮತಾಂತರ ಮಾಡೋದು ಆಗದ ಮಾತು ಅಂತ ಬರೆದಿದ್ದರು. ತಮ್ಮ ಇಡೀ ಸೇವೆಯಲ್ಲಿ ಮತಕ್ಕೆ ಸೇರಿಸಿದ್ದು ಇನ್ನೂರು ಮುನ್ನೂರು ಜನ, ಅದರಲ್ಲಿ ಬಹುಪಾಲು ಗತಿಯಿಲ್ಲದೆ ಬಂದವರು ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದರು.

ಅಲ್ಲೇ ಮೂರ್ತಿಯ ವಾದ ಬರೋದು. ಕ್ಯಾಥೊಲಿಕರಲ್ಲಿ ಬಲಿಪೂಜೆ ಇದೆ, ಮೆರವಣಿಗೆ ಇದೆ, ಮೂರ್ತಿ, ತೀರ್ಥ, ಉಪವಾಸ, ಹಬ್ಬ, ಸತ್ತವರಿಗಾಗಿ ಪ್ರಾರ್ಥನೆ ಇದೆ. ಈ ದೇಶದ ಜನರ ಮನಸ್ಸಿಗೆ ಹತ್ತಿರ ಇರೋದು ಇದೇ. ಇಷ್ಟೆಲ್ಲ ಇದ್ದೂ ನಾವೇ ಸೋತೆವು, ಮೂರ್ತಿಯಿಲ್ಲದ ಬೋಳು ಗೋಡೆ, ಪುಸ್ತಕ, ಪ್ರಸಂಗ ಇಟ್ಟುಕೊಂಡು ಪ್ರೊಟೆಸ್ಟೆಂಟರು ಗೆಲ್ತಾರಾ? ಇದು ವಾದದ ತಿರುಳು. ಬೈಬಲ್ ಅನುವಾದಗಳ ಮೇಲೂ ಹರಿಹಾಯ್ದರು. 1810ರಿಂದ ಬಳ್ಳಾರಿಯಲ್ಲಿ ಕೂತು ಕನ್ನಡ ಬೈಬಲ್‌ಗಾಗಿ ದುಡಿಯುತ್ತಿದ್ದ ಜಾನ್ ಹ್ಯಾಂಡ್ಸ್ ಅಂಥವರಿಗೆ ಇದು ಹೇಗೆ ಚುಚ್ಚಿರಬೇಕು ಯೋಚಿಸಿ. 1824ರಲ್ಲೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರೊಟೆಸ್ಟೆಂಟ್ ಪಾದ್ರಿಗಳು ಒಂದೊಂದು ಪುಸ್ತಕ ಬರೆದು ಉತ್ತರ ಕೊಟ್ಟರು.

ಆದರೆ ಸೋಜಿಗ ಏನಂದ್ರೆ, ಮೆರವಣಿಗೆಗಳ ಪರ ವಾದ ಹೂಡಿದ ಅದೇ ಪುಸ್ತಕದಲ್ಲಿ ದುಬಾಯ್ ಅವುಗಳ ಬಗ್ಗೆ ನಾಚಿಕೊಂಡೂ ಇದ್ದಾರೆ. ರಾತ್ರಿಯಲ್ಲಿ ಸಂತರ ತೇರು, ತಮಟೆ, ಕಹಳೆ, ಗದ್ದಲ ನೋಡಿ ಅವರ ಯುರೋಪಿನ ಮನಸ್ಸು ಮುದುಡಿತ್ತು. ಅಂದ್ರೆ ಮೂರ್ತಿ ವಿಷಯದ ಜಗಳ ಎರಡು ಸಭೆಗಳ ನಡುವೆ ಮಾತ್ರ ಇರಲಿಲ್ಲ, ಒಬ್ಬನೇ ಮನುಷ್ಯನ ಒಳಗೂ ಇತ್ತು.

ಇನ್ನೂ ಕಹಿಯಾದದ್ದು ಮತ್ತೊಂದಿದೆ. ತಾವೇ ಒಳಗೆ ಕರೆದುಕೊಂಡ ಆ ಸೆರೆಯವರನ್ನು ದುಬಾಯ್ ಇದೇ ಪತ್ರಗಳಲ್ಲಿ ಸಾಕ್ಷಿಯಾಗಿ ನಿಲ್ಲಿಸಿದರು. ಅಷ್ಟು ಸಾವಿರ ಜನರಲ್ಲಿ ಎದ್ದು ನಿಂತು ಧರ್ಮಕ್ಕಾಗಿ ಸಾಯೋ ಧೈರ್ಯ ಯಾರಿಗೂ ಬರಲಿಲ್ಲ, ಇಲ್ಲಿಯ ಕ್ರೈಸ್ತರ ಬೇರು ಇಷ್ಟೇ ಆಳ ಅಂತ ಬರೆದರು. ಕ್ಷಮೆ ಕೊಟ್ಟ ಕೈಯೇ ಇಪ್ಪತ್ತನಾಲ್ಕು ವರ್ಷದ ಮೇಲೆ ದೋಷಾರೋಪ ಪಟ್ಟಿ ಪ್ರಕಟಿಸಿತು. ಹಾಗೆ ಬರೆಯುವಾಗ ಅವರಿಗೆ 1792 ನೆನಪಾಯ್ತೋ ಇಲ್ಲೋ. ಅಲ್ಲಿ ಪಾದ್ರಿಗಳ ತಲೆ ಹೋಗುವಾಗ ಅವರು ಹಡಗು ಹತ್ತಿದ್ದರು. ಕತ್ತಿಯ ಕೆಳಗೆ ನಿಂತು ನೋಡದವನು ನಿಂತವರನ್ನು ಅಳೆಯೋದು ಸುಲಭ.

ಕೊನೆಯ ಮಾತು ಅವರ ಹೆಸರು ಉಳಿಸಿದ ಪುಸ್ತಕದ್ದು. ಹಿಂದೂಗಳ ನಡೆನುಡಿ, ಆಚಾರ, ಜಾತಿ ಪದ್ಧತಿಗಳ ಮೇಲಿನ ಆ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು 1807ರಲ್ಲಿ ಮದ್ರಾಸ್ ಗವರ್ನರ್ ವಿಲಿಯಂ ಬೆಂಟಿಂಕ್ ಕಂಪನಿಗಾಗಿ 2,000 ವರಹಕ್ಕೆ ಕೊಂಡ. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು. ಭಾರತಕ್ಕೆ ಬರೋ ಅಧಿಕಾರಿಗಳೆಲ್ಲ ಓದಿದರು. ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಸಿಲ್ವಿಯಾ ಮ್ಯೂರ್ ಅನ್ನೋ ಫ್ರೆಂಚ್ ವಿದುಷಿ ಹಳೇ ಹಸ್ತಪ್ರತಿಗಳನ್ನು ಒಂದಕ್ಕೊಂದು ಇಟ್ಟು ನೋಡಿದಾಗ ಗೊತ್ತಾಯ್ತು, ಅದರ ಬಹುಪಾಲು ಬುನಾದಿ ಗಾಸ್ತೋಂ ಲೋರಾಂ ಕೂರ್ದೂ ಅನ್ನೋ ಜೆಸ್ವಿಟ್ ಪಾದ್ರಿ 1770ರ ದಶಕದಲ್ಲಿ ಬರೆದಿದ್ದ ಕೃತಿಯದು ಅಂತ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗೂ ನೆಂಟಸ್ತಿಕೆ ಇದೆ ಅಂತ ವಿಲಿಯಂ ಜೋನ್ಸ್‌ಗಿಂತ ಮೊದಲೇ ಗುರುತಿಸಿದ್ದ ವಿದ್ವಾಂಸ ಅವನು. 1779ರಲ್ಲೇ ತೀರಿಕೊಂಡಿದ್ದ. ದುಬಾಯ್ ಅದಕ್ಕೆ ಮೈಸೂರಿನ ತಮ್ಮ ಅನುಭವ ಸೇರಿಸಿದ್ದರು, ತಿದ್ದಿ ಬೆಳೆಸಿದ್ದರು, ಅದೂ ನಿಜವೇ. ಮುಖಪುಟದ ಮೇಲೆ ಮಾತ್ರ ಒಂದೇ ಹೆಸರು.

1848ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ದುಬಾಯ್ ತೀರಿಕೊಂಡರು. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಬಾಸೆಲ್ ಮಿಶನ್‌ಗೆ ಒಂಬತ್ತು ವರ್ಷ. ಪ್ರೊಟೆಸ್ಟೆಂಟರಿಂದ ಏನೂ ಆಗದು ಅಂದಿದ್ದ ಅವರ ಲೆಕ್ಕ ಪೂರಾ ಸರಿಯಾಗಲಿಲ್ಲ. ಅದೇ ಮಿಶನ್‌ನ ಕಿಟೆಲ್ 1894ರಲ್ಲಿ ನಮಗೆ ನಿಘಂಟು ಕೊಟ್ಟರು, ಆ ಬೋಳು ಗೋಡೆಯ ಮನೆತನದವನೊಬ್ಬ ಈಗ ನಮ್ಮ ರೂಮಿನಾಗ ಇದ್ದಾನೆ.

ಇದನ್ನೆಲ್ಲ ಒಂದು ರಾತ್ರಿ ಗಿರ್ಮಿಟ್ ತಿನ್ನುತ್ತಾ ಇಬ್ಬರಿಗೂ ಹೇಳಿದೆವು. ನಮಗೆ ತಿಳಿದದ್ದು ಇಷ್ಟು: ಪಾದ್ರಿಯ ಮುಂದೆ ಹೇಳಲಿ, ನೇರ ದೇವರಿಗೇ ಹೇಳಲಿ, ಯಾರಿಗೆ ಅನ್ಯಾಯ ಆಯ್ತೋ ಅವನನ್ನು ದಾಟಿ ಹೋಗೋ ದಾರಿ ಎರಡೂ ಕಡೆ ಇಲ್ಲ. ಪರರದ್ದನ್ನು ತಗೊಂಡರೆ ವಾಪಸ್ ಕೊಡಬೇಕು ಅನ್ನೋದು ಕ್ಯಾಥೊಲಿಕರ ಪಾಪನಿವೇದನೆಯ ನಿಯಮದಲ್ಲೇ ಇದೆ. ಕೂರ್ದೂ ಸತ್ತಿದ್ದ, ದುಬಾಯ್ ಕೊಡಬಹುದಾಗಿದ್ದದ್ದು ಒಂದು ಸಾಲು, ಒಂದು ಹೆಸರು.

ಮಂಗಳೂರಿನವನು ಏನೂ ಮಾತಾಡಲಿಲ್ಲ. ಮರುದಿನ ಗೈಡ್ ಹತ್ತಿರ ಹೋಗಿ ಒಪ್ಪಿಕೊಂಡು, ಆ ಅಧ್ಯಾಯ ಯಾರದು ಅಂತ ಹೆಸರು ಹಾಕಿ ರಿಪೋರ್ಟ್ ಮತ್ತೆ ಪ್ರಿಂಟ್ ಮಾಡಿಸಿದ. ಮಾರ್ಕ್ಸ್ ಕಡಿಮೆ ಆದವು. ಹುಬ್ಬಳ್ಳಿಯವನು ಕ್ಷಮಿಸಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವತ್ತು ಸಂಜೆ ಚಹಾಕ್ಕೆ ಕರೆದ. ಮೇರಿ ಮಾತೆಯ ಚಿತ್ರದ ಬಗ್ಗೆ ಇಬ್ಬರೂ ಇವತ್ತಿಗೂ ವಾದ ಮಾಡ್ತಾರೆ. ಮಾಡಲಿ ಬಿಡಿ, ಹನ್ನೆರಡು ನೂರು ವರ್ಷದ ವಾದ ನಮ್ಮ ರೂಮಿನಾಗ ಮುಗಿಯೋದಲ್ಲ.